ಹಳೆಯ ಒಡಲು, ಹೊಸ ಎಂಜಿನ್ನು

2025ರ ಅಕ್ಟೋಬರ್ 27ರಂದು ಮಾಸ್ಕೋ ನಗರದಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯವರು ರಷ್ಯಾ ದೇಶದ ಯುನೈಟೆಡ್ ಏರ್‌ಕ್ರಾಫ್ಟ್ ಕಾರ್ಪೊರೇಷನ್ನಿನೊಡನೆ ಒಂದು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದರು. ಎಸ್‌ಜೆ-100 ಎಂಬ, ಸುಮಾರು ನೂರು ಆಸನಗಳ ಜೆಟ್ ವಿಮಾನವನ್ನು ಭಾರತದ ಗಿರಾಕಿಗಳಿಗಾಗಿ ಇಲ್ಲೇ ತಯಾರಿಸುವ ಹಕ್ಕು ಎಚ್.ಎ.ಎಲ್.ಗೆ ದೊರೆಯುವುದೆಂಬುದು ಅದರ ಸಾರ. ತಿಳಿವಳಿಕೆ ಪತ್ರವೆಂದರೆ ಏನೆಂಬುದನ್ನು ದೆಹಲಿಯಲ್ಲಿ ಫೈಲುಗಳ ನಡುವೆ ಬಾಳುವ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಹೆಣ್ಣು ನೋಡುವ ಶಾಸ್ತ್ರವೇ ಹೊರತು ಲಗ್ನಪತ್ರಿಕೆಯಲ್ಲ. ಆದರೂ ಸಂಸ್ಥೆಯವರು ಹೊರಡಿಸಿದ ಪ್ರಕಟಣೆಯಲ್ಲಿ ಚರಿತ್ರೆಯ ಒಂದು ಎಳೆ ಇತ್ತು. ಸಂಪೂರ್ಣ ಪ್ರಯಾಣಿಕ ವಿಮಾನವೊಂದನ್ನು ಈ ದೇಶದಲ್ಲಿ ಕೊನೆಯ ಸಲ ಕಟ್ಟಿದ್ದು ಆವ್ರೋ ಎಚ್.ಎಸ್.-748, ಆ ಕೆಲಸ 1961ರಲ್ಲಿ ಮೊದಲಾಗಿ 1988ರಲ್ಲಿ ಮುಗಿಯಿತು ಎಂದು ಅದರಲ್ಲಿ ಬರೆದಿತ್ತು. ಹತ್ತೊಂಬತ್ತು ಆಸನದ ಡಾರ್ನಿಯರ್ ವಿಮಾನಗಳನ್ನು ಅದೇ ಸಂಸ್ಥೆಯ ಕಾನ್ಪುರ ಶಾಖೆ ಇವತ್ತಿಗೂ ಕಟ್ಟುತ್ತಿದ್ದು, ಅವು 2022ರಿಂದ ಅರುಣಾಚಲದ ಕಡೆ ಪ್ರಯಾಣಿಕರನ್ನೂ ಹೊತ್ತಿವೆ. ತಮ್ಮ ಕೂಸನ್ನು ತಾವೇ ಏಕೆ ಮರೆತರೋ ತಿಳಿಯದು. ಅದಿರಲಿ.

ಈ ಎಸ್‌ಜೆ-100 ಹೊಚ್ಚ ಹೊಸ ವಿಮಾನವಲ್ಲ. 2008ರ ಮೇ 19ರಂದು ಮೊದಲು ಹಾರಿದ ಸುಖೋಯ್ ಸೂಪರ್‌ಜೆಟ್ಟಿನ ಒಡಲಿಗೆ ಪಿಡಿ-8 ಎಂಬ ಹೊಸ ರಷ್ಯನ್ ಎಂಜಿನ್ನನ್ನು ತೊಡಿಸಿ, ಒಳಗಿನ ಪರದೇಶದ ಸಾಮಾನುಗಳನ್ನು ತೆಗೆದು ಸ್ವಂತದವನ್ನು ಕೂರಿಸಿ ಪುನಃ ಹೊರತಂದ ವಿಮಾನ. ಹಳೆಯ ಒಡಲಿಗೆ ಹೊಸ ಎಂಜಿನ್ನು ಹಾಕುವ ಈ ಕಸುಬು ನಮ್ಮ ಬೆಂಗಳೂರಿಗೆ ಹೊಸತೇ? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದೆ ಇಡುವ ಮನಸ್ಸಾಯಿತು. ನಮ್ಮ ಸಂಘದ ಬಹಳಷ್ಟು ಮನೆಗಳ ಮಕ್ಕಳು ಇಂದು ಎಂಜಿನಿಯರಿಂಗ್ ಓದುತ್ತಿರುವುದರಿಂದ ಅವರಿಗೂ ಇದು ರುಚಿಸೀತೆಂಬ ಆಸೆ.

ಮೊದಲು ಬುಡಕ್ಕೆ ಹೋಗೋಣ. ಎಚ್.ಎ.ಎಲ್. ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದರ ಸಾಹಸ, ಮೈಸೂರು ಸಂಸ್ಥಾನದ ನೆಲ ಮತ್ತು ಬಂಡವಾಳ, ದಿವಾನ್ ಮಿರ್ಜಾ ಇಸ್ಮಾಯಿಲರ ಬೆಂಬಲ ಇವು ಕೂಡಿ ಬಂದಾಗ ಆದ ಕಾರ್ಖಾನೆ ಅದು. ವಿಮಾನ ಕಟ್ಟಬೇಕೆಂದು ಆರಂಭವಾದ ಕಾರ್ಖಾನೆಯನ್ನು ಎರಡನೆಯ ಮಹಾಯುದ್ಧವು ವಿಮಾನ ರಿಪೇರಿಯ ಕಮ್ಮಟವನ್ನಾಗಿ ಮಾಡಿತು. ಅಮೆರಿಕದ ಸೈನ್ಯದ ವಿಮಾನಗಳು ಬಂದು ಇಲ್ಲಿ ಬಿಚ್ಚಿಕೊಂಡು, ಮತ್ತೆ ಕೂಡಿಕೊಂಡು ಹಾರಿಹೋದವು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಡಕೋಟಾ ವಿಮಾನಗಳು ಬಂದವು. ಅವುಗಳ ಹೊಟ್ಟೆಯೊಳಗಿನ ತಗಡಿನ ಬೆಂಚುಗಳನ್ನು ಕಿತ್ತು, ಮೆತ್ತನೆಯ ಕುರ್ಚಿ ಹಾಕಿ, ನಾಗರಿಕ ವಿಮಾನ ಕಂಪನಿಗಳಿಗೆ ಒಪ್ಪಿಸಿದ್ದೂ ಬೆಂಗಳೂರಿನ ಕೆಲಸಗಾರರೇ.

ಇವೆಲ್ಲಕ್ಕಿಂತ ಸೊಗಸಾದ ಕಥೆ ಲಿಬರೇಟರ್ ಬಾಂಬರುಗಳದು. ಯುದ್ಧ ಮುಗಿಸಿ ಹೊರಟವರು ಕಾನ್ಪುರದ ಬಯಲಿನಲ್ಲಿ ಈ ನಾಲ್ಕು ಎಂಜಿನ್ನಿನ ಭಾರೀ ವಿಮಾನಗಳನ್ನು ಸಾಲಾಗಿ ಬಿಟ್ಟು, ಯಾರಿಗೂ ಉಪಯೋಗಕ್ಕೆ ಬಾರದಿರಲೆಂದು ಬೇಕೆಂದೇ ಜಖಂ ಮಾಡಿ ಹೋಗಿದ್ದರು. ದೇಶ ಸ್ವತಂತ್ರವಾದ ಮೇಲೆ ನಮ್ಮ ವಾಯುಸೇನೆಗೆ ಬಾಂಬರುಗಳು ಬೇಕಾದವು. ಹೊಸದನ್ನು ಕೊಳ್ಳಲು ಹಣವೂ ಇಲ್ಲ, ಮಾರುವವರೂ ಕಡಿಮೆ. ಎಚ್.ಎ.ಎಲ್.ನವರು ಕಾನ್ಪುರಕ್ಕೆ ಹೋಗಿ, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಹೇಗೋ ಬೆಂಗಳೂರು ಮುಟ್ಟುವಷ್ಟು ಸರಿಮಾಡಿದರು. ಆ ಮುರುಕು ವಿಮಾನಗಳನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದವರು ಸಂಸ್ಥೆಯ ಪೈಲಟ್ ಜಮ್ಶೆಡ್ ಮುನ್ಶಿ. ಹೀಗೆ ಮರುಜನ್ಮ ಪಡೆದ ಲಿಬರೇಟರುಗಳು ಸುಮಾರು ನಲವತ್ತು. 1948ರಲ್ಲಿ ಸೇವೆಗೆ ಸೇರಿದ ಅವು 1968ರವರೆಗೆ ದುಡಿದವು. ಅವುಗಳಲ್ಲೊಂದು ಪಾಲಂನ ವಾಯುಸೇನೆಯ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟು ವರ್ಷ ದೆಹಲಿಯಲ್ಲಿದ್ದೂ ನೋಡದವರು ಒಂದು ರಜಾದಿನ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಅದರ ಮೈಮೇಲೆ ಬೆಂಗಳೂರಿನ ಕೈಗಳು ಆಡಿವೆ.

ಲಿಬರೇಟರಿನ ಕೆಲಸ ರಿಪೇರಿ. ಹೊಸ ಎಂಜಿನ್ನಿನ ಕೆಲಸವಲ್ಲ. ಇವೆರಡರ ವ್ಯತ್ಯಾಸವನ್ನು ಸ್ವಲ್ಪ ವಿವರಿಸಬೇಕು.

ವಿಮಾನದ ಒಡಲು, ಎಂದರೆ ರೆಕ್ಕೆ, ಉದರ, ಬಾಲ ಇವು ಬೇಗ ಹಳತಾಗುವುದಿಲ್ಲ. 1960ರಲ್ಲಿ ಚೆನ್ನಾಗಿ ಗಾಳಿ ಸೀಳುತ್ತಿದ್ದ ರೆಕ್ಕೆ ಇವತ್ತೂ ಸುಮಾರಾಗಿ ಅಷ್ಟೇ ಚೆನ್ನಾಗಿ ಸೀಳುತ್ತದೆ. ಬೇಗ ಹಳತಾಗುವುದು ಎಂಜಿನ್ನು. ನಮ್ಮ ಹಳ್ಳಿಯ ಅಡುಗೆಮನೆಯನ್ನು ಜ್ಞಾಪಿಸಿಕೊಳ್ಳಿ. ಊದುಗೊಳವೆಯಲ್ಲಿ ಒಲೆ ಊದಿದರೆ ಸ್ವಲ್ಪವೇ ಗಾಳಿ ರಭಸದಿಂದ ಹೊರಡುತ್ತದೆ. ಮೊರದಿಂದ ಬೀಸಿದರೆ ಬಹಳ ಗಾಳಿ ನಿಧಾನವಾಗಿ ಹೊರಡುತ್ತದೆ. ಮೊದಮೊದಲಿನ ಜೆಟ್ ಎಂಜಿನ್ನುಗಳು ಊದುಗೊಳವೆಗಳು. ಸದ್ದು ಬಹಳ, ಎಣ್ಣೆ ಕುಡಿಯುವುದು ಬಹಳ. ಈಗಿನವು ಮುಂಭಾಗದಲ್ಲಿ ದೊಡ್ಡ ಪಂಖವನ್ನಿಟ್ಟುಕೊಂಡು ಮೊರದಂತೆ ಬೀಸುತ್ತವೆ. ಒಳಗಿನ ಉರಿಯ ಸುತ್ತ ಹಾದುಹೋಗುವ ತಣ್ಣನೆಯ ಗಾಳಿಯೇ ಹೆಚ್ಚು ತಳ್ಳುತ್ತದೆ. ಬೋಯಿಂಗ್ 737 ವಿಮಾನ 1967ರಲ್ಲಿ ಮೊದಲು ಹಾರಿದಾಗ ಒಳಗಿನ ಗಾಳಿಗೂ ಸುತ್ತಲಿನ ಗಾಳಿಗೂ ಹೆಚ್ಚುಕಡಿಮೆ ಒಂದಕ್ಕೊಂದು ಪ್ರಮಾಣವಿತ್ತು. 1984ರಲ್ಲಿ ಅದೇ ವಿಮಾನಕ್ಕೆ ತೊಡಿಸಿದ ಎಂಜಿನ್ನಿನಲ್ಲಿ ಐದು ಪಾಲು ಸುತ್ತಲಿನ ಗಾಳಿ. 2016ರಲ್ಲಿ ಹಾರಿದ ಮ್ಯಾಕ್ಸ್‌ನಲ್ಲಿ ಒಂಬತ್ತು ಪಾಲು. ಹೀಗಿರಲು, ಒಡಲನ್ನು ಇಟ್ಟುಕೊಂಡು ಎಂಜಿನ್ನು ಬದಲಿಸಿದರೆ ಕಡಿಮೆ ಖರ್ಚಿನಲ್ಲಿ ಹೊಸ ವಿಮಾನವೇ ಆಯಿತಲ್ಲ ಎಂದು ಯಾರಿಗಾದರೂ ಹೊಳೆಯುವುದು ಸಹಜ.

ಹೊಳೆಯುವಷ್ಟು ಸುಲಭವಲ್ಲ. ದೊಡ್ಡ ಪಂಖದ ಎಂಜಿನ್ನು ನೆಲಕ್ಕೆ ತಾಗುತ್ತದೆ. ಅದನ್ನು ಮುಂದಕ್ಕೂ ಮೇಲಕ್ಕೂ ಸರಿಸಬೇಕು. ಸರಿಸಿದರೆ ವಿಮಾನದ ತೂಕದ ಕೇಂದ್ರ ಕದಲುತ್ತದೆ, ಮೂತಿ ಮೇಲೇಳುವ ಸ್ವಭಾವ ಬರುತ್ತದೆ. ಮ್ಯಾಕ್ಸ್‌ನಲ್ಲಿ ಆದದ್ದು ಇದೇ. ಆ ಸ್ವಭಾವವನ್ನು ಮರೆಮಾಡಲು ಒಂದು ಕಂಪ್ಯೂಟರ್ ಏರ್ಪಾಡು ಮಾಡಿದರು. ಒಂದೇ ಒಂದು ಮಾಪಕ ಕೊಟ್ಟ ತಪ್ಪು ಸುದ್ದಿಯನ್ನು ನಂಬಿ ಅದು ವಿಮಾನದ ಮೂತಿಯನ್ನು ಪದೇ ಪದೇ ಕೆಳಕ್ಕೆ ಒತ್ತಿತು. 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯಾದಲ್ಲಿ 189 ಮಂದಿ, 2019ರ ಮಾರ್ಚಿನಲ್ಲಿ ಇಥಿಯೋಪಿಯಾದಲ್ಲಿ 157 ಮಂದಿ ಸತ್ತರು. ಹಳೆಯ ಒಡಲಿಗೆ ಹೊಸ ಎಂಜಿನ್ನೆಂಬುದು ಬರಿಯ ಬೋಲ್ಟು ನಟ್ಟಿನ ವಿಚಾರವೆಂದು ತಿಳಿದವರು ಈ ಎರಡು ಅಂಕಿಗಳನ್ನು ನೆನಪಿಡಬೇಕು.

ಇನ್ನು ನಮ್ಮ ಆವ್ರೋ ಕಥೆಗೆ ಬರೋಣ. ಇಂಗ್ಲೆಂಡಿನಲ್ಲಿ ಅದು ಮೊದಲು ಹಾರಿದ್ದು 1960ರ ಜೂನ್ 24ರಂದು. ಅದಕ್ಕೆ ಮುಂಚೆಯೇ, 1959ರಲ್ಲಿ, ಭಾರತ ಸರ್ಕಾರ ಅದನ್ನು ಇಲ್ಲಿ ಕಟ್ಟುವ ಪರವಾನಗಿಗೆ ಒಪ್ಪಂದ ಮಾಡಿಕೊಂಡಿತ್ತು. ಆಗ ರಕ್ಷಣಾ ಸಚಿವರಾಗಿದ್ದವರು ಕೃಷ್ಣ ಮೆನನ್. ಕಾನ್ಪುರದಲ್ಲಿ ಏರ್ ವೈಸ್ ಮಾರ್ಷಲ್ ಹರ್ಜಿಂದರ್ ಸಿಂಗರು ವಾಯುಸೇನೆಯ ಹಳೆಯ ಹ್ಯಾಂಗರುಗಳನ್ನೇ ಕಾರ್ಖಾನೆ ಮಾಡಿಕೊಂಡು, ಸೇನೆಯ ಮೆಕ್ಯಾನಿಕ್ಕುಗಳಿಂದಲೇ ಕೆಲಸ ತೆಗೆದು, 1961ರ ನವೆಂಬರ್ 1ರಂದು ಮೊದಲ ವಿಮಾನವನ್ನು ಹಾರಿಸಿಬಿಟ್ಟರು. ವಾಯುಸೇನೆಯ ಮೊದಲ ಭಾರತೀಯ ಮುಖ್ಯಸ್ಥರ ನೆನಪಿಗೆ ಅದಕ್ಕೆ 'ಸುಬ್ರತೋ' ಎಂದು ಹೆಸರಿಟ್ಟರು. ಮೂಲ ವಿಮಾನ ಇಂಗ್ಲೆಂಡಿನಲ್ಲಿ ಹಾರಿ ಹದಿನಾರು ತಿಂಗಳಿಗೆ ನಮ್ಮದು ಹಾರಿತು. ಇಂದಿನ ಯೋಜನೆಗಳ ನಡಿಗೆಯನ್ನು ಕಂಡವರಿಗೆ ಇದು ಪುರಾಣದಂತೆ ತೋರಬಹುದು.

1964ರಲ್ಲಿ ಕಾನ್ಪುರದ ಈ ಕಾರ್ಖಾನೆ ಎಚ್.ಎ.ಎಲ್.ನಲ್ಲಿ ಸೇರಿತು. ಒಟ್ಟು 89 ಆವ್ರೋಗಳು ಅಲ್ಲಿ ತಯಾರಾದವು: ವಾಯುಸೇನೆಗೆ 72, ಇಂಡಿಯನ್ ಏರ್‌ಲೈನ್ಸಿಗೆ 17. ಇಲ್ಲಿ ಕನ್ನಡಿಗರಿಗೆ ಸಂಬಂಧಿಸಿದ ಮಾತೆಂದರೆ, ಅದರ ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್ನು ಪರವಾನಗಿಯ ಮೇಲೆ ತಯಾರಾಗುತ್ತಿದ್ದುದು ಬೆಂಗಳೂರಿನಲ್ಲಿ. 1957ರಲ್ಲಿ ಆರ್ಫಿಯಸ್ ಜೆಟ್ ಎಂಜಿನ್ನಿಗಾಗಿ ಸ್ಥಾಪಿಸಿದ ಎಂಜಿನ್ ವಿಭಾಗವೇ ಡಾರ್ಟನ್ನೂ ಕೈಗೆತ್ತಿಕೊಂಡಿತು. ಒಡಲು ಕಾನ್ಪುರದ್ದು, ಹೃದಯ ಬೆಂಗಳೂರಿನದು.

ಆದರೆ ಆ ಹೃದಯದ ವಯಸ್ಸೇನು? ಡಾರ್ಟ್ ಎಂಜಿನ್ನು ಇಂಗ್ಲೆಂಡಿನಲ್ಲಿ ಮೊದಲು ತಿರುಗಿದ್ದು 1946ರಲ್ಲಿ! ಪಾಲಂ ಮತ್ತು ಸಫ್ದರ್‌ಜಂಗ್ ಆಸುಪಾಸಿನ ಸರ್ಕಾರಿ ವಸತಿಗಳಲ್ಲಿ ಬೆಳೆದವರಿಗೆ ಅದರ ಕಿವಿ ಕೊರೆಯುವ ಸಿಳ್ಳು ಮರೆತಿರಲಾರದು. ಮಂತ್ರಿಗಳನ್ನು ಹೊತ್ತೊಯ್ಯುತ್ತಿದ್ದ ವಾಯುಸೇನೆಯ ಆವ್ರೋಗಳು ಪಾಲಂನಿಂದಲೇ ಏಳುತ್ತಿದ್ದವು. ಡಾರ್ಟ್ ಗಟ್ಟಿಮುಟ್ಟಾದ ಎಂಜಿನ್ನು, ಬೇಗ ಕೈಕೊಡುವಂಥದ್ದಲ್ಲ. ಆದರೆ ಗಾಳಿಯನ್ನು ಐದಾರು ಪಟ್ಟಷ್ಟೇ ಒತ್ತಿ ಸುಡುತ್ತಿತ್ತು. 1980ರ ದಶಕದ ಹೊಸ ಎಂಜಿನ್ನುಗಳು ಹದಿನೈದು ಪಟ್ಟಿನ ಹತ್ತಿರ ಒತ್ತುತ್ತಿದ್ದವು. ಹೆಚ್ಚು ಒತ್ತಿದಷ್ಟೂ ಎಣ್ಣೆಯ ಉಳಿತಾಯ. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಡಾರ್ಟಿನ ದಿನ ಎಣಿಕೆಯಾಯಿತು.

ಆಗ ಇಂಗ್ಲೆಂಡಿನವರು ಮಾಡಿದ್ದೇನು? ಅದೇ 748ರ ಒಡಲನ್ನು ಹಿಗ್ಗಿಸಿ, ಕೆನಡಾದ ಪ್ರಾಟ್ ಅಂಡ್ ವಿಟ್ನಿ ಎಂಜಿನ್ನುಗಳನ್ನೂ ಆರು ಅಲಗಿನ ಪಂಖಗಳನ್ನೂ ತೊಡಿಸಿ, ಎ.ಟಿ.ಪಿ. ಎಂಬ ಹೆಸರಿನಲ್ಲಿ 1986ರ ಆಗಸ್ಟ್ 6ರಂದು ಹಾರಿಸಿದರು. ಇತ್ತ ಕಾನ್ಪುರದಲ್ಲಿ ಅದೇ ಹೊತ್ತಿಗೆ ಆವ್ರೋ ಸಾಲು ಮುಚ್ಚುವ ಹಂತದಲ್ಲಿತ್ತು. ಒಡಲು ಕಟ್ಟಲು ಬಲ್ಲ ಕೈಗಳಿದ್ದವು, ಸಾಲುಸಾಲು ಅಚ್ಚುಗಳಿದ್ದವು. ಹೊಸ ಎಂಜಿನ್ನಿನ ಆವ್ರೋ ಇಲ್ಲೂ ಹುಟ್ಟಲಿಲ್ಲ. ಪರವಾನಗಿ ಎಂದರೆ ಕೊಟ್ಟ ನಕ್ಷೆಯಂತೆ ಕಟ್ಟುವುದು, ನಕ್ಷೆಯನ್ನು ತಿದ್ದುವುದಲ್ಲ. ಸಾಮಾನು ಇಳಿಸಲು ದೊಡ್ಡ ಬಾಗಿಲಿನ ಮಾದರಿಯನ್ನು ಮಾಡಿದ್ದು ಬಿಟ್ಟರೆ ನಾವು ಅದರ ಹೃದಯವನ್ನು ಮುಟ್ಟಲಿಲ್ಲ.

ಹಾಗೆಂದು ದೊಡ್ಡ ನಷ್ಟವಾಯಿತೆಂದು ಎದೆ ಬಡಿದುಕೊಳ್ಳುವಂತೆಯೂ ಇಲ್ಲ. ಎ.ಟಿ.ಪಿ. ಇಂಗ್ಲೆಂಡಿನಲ್ಲಿ ಅರವತ್ತೈದರ ಆಸುಪಾಸಿಗೇ ನಿಂತುಹೋಯಿತು. ಅದೇ ಕುಟುಂಬದ ಹೊಸ ಎಂಜಿನ್ನುಗಳನ್ನು ಇಟ್ಟುಕೊಂಡು, ಒಡಲನ್ನೂ ಅವುಗಳಿಗೆ ತಕ್ಕಂತೆ ಹೊಸದಾಗಿ ಹೊಸೆದ ಎ.ಟಿ.ಆರ್. ವಿಮಾನ 1984ರಲ್ಲಿ ಹಾರಿತ್ತು. ಮಾರುಕಟ್ಟೆಯನ್ನು ಅದು ನುಂಗಿತು. ಇಂದು ಇಂಡಿಗೋ, ಅಲಯನ್ಸ್ ಏರ್‌ಗಳಲ್ಲಿ ನಾವು ಹತ್ತುವುದು ಅದನ್ನೇ. ಹಾಲೆಂಡಿನ ಫೋಕರ್ ಕಂಪನಿಯ ಪಾಡನ್ನೂ ನೋಡಿ. ಅವರ ಎಫ್-28 ಎಂಬ ಪ್ರಾದೇಶಿಕ ಜೆಟ್ 1967ರಲ್ಲಿ ಹಾರಿತ್ತು. ಅದರ ಒಡಲನ್ನು ಉದ್ದ ಮಾಡಿ, ರೋಲ್ಸ್ ರಾಯ್ಸ್‌ನ ಟೇ ಎಂಬ ಹೊಸ ಎಂಜಿನ್ನು ಹಾಕಿ 1986ರಲ್ಲಿ ಫೋಕರ್-100 ಎಂದು ತಂದರು. ಒಳ್ಳೆಯ ವಿಮಾನವೆಂದು ಹೆಸರಾಯಿತು, 283 ಮಾರಿದವು. ಆದರೂ 1996ರಲ್ಲಿ ಕಂಪನಿ ದಿವಾಳಿಯಾಯಿತು. ಆ ಮೇಲೆ ಫೋಕರ್ ಎಂಬ ಹೆಸರನ್ನೇ ತಿರುಗಿಸಿ ಬರೆದು 'ರೆಕ್ಕೋಫ್' ಎಂದು ಕರೆದುಕೊಂಡವರು ಇನ್ನೂ ಹೊಸ ಎಂಜಿನ್ನು ಹಾಕಿ ಅದೇ ವಿಮಾನವನ್ನು ಎಬ್ಬಿಸುತ್ತೇವೆಂದು ವರ್ಷಾನುಗಟ್ಟಲೆ ಓಡಾಡಿದರು. ಒಂದು ಹೊಸ ವಿಮಾನವೂ ಹೊರಬರಲಿಲ್ಲ. ಅಚ್ಚುಗಳು ತುಕ್ಕು ಹಿಡಿದವು, ಬಲ್ಲವರು ಮುದುಕರಾದರು, ಬಿಡಿಭಾಗ ಮಾಡುತ್ತಿದ್ದವರು ಬೇರೆ ಕಸುಬು ಹಿಡಿದರು. ನಿಂತ ಗಾಣವನ್ನು ಮತ್ತೆ ತಿರುಗಿಸುವುದು ಹೊಸ ಗಾಣ ಹೂಡುವುದಕ್ಕಿಂತ ಕಷ್ಟವೆಂದು ನಮ್ಮೂರಿನ ಗಾಣಿಗರನ್ನು ಕೇಳಿದ್ದರೂ ಹೇಳುತ್ತಿದ್ದರು.

ಆದ್ದರಿಂದ ನಮ್ಮ ನಷ್ಟವನ್ನು ವಿಮಾನಗಳ ಲೆಕ್ಕದಲ್ಲಿ ಎಣಿಸಬಾರದು. ಸಾಲು ಮುಚ್ಚಿದ ಮೇಲೆ ಐವತ್ತು ಆಸನದ ವಿಮಾನ ಕಟ್ಟಿದ ಅನುಭವವುಳ್ಳವರು ಒಬ್ಬೊಬ್ಬರಾಗಿ ನಿವೃತ್ತರಾದರು. ನಷ್ಟ ಅದು. ಆವ್ರೋಗಳಂತೂ ಸುಲಭಕ್ಕೆ ನಿವೃತ್ತವಾಗಲಿಲ್ಲ. ಬೆಂಗಳೂರಿನ ರಕ್ಷಣಾ ಸಂಶೋಧಕರು ಒಂದರ ಬೆನ್ನ ಮೇಲೆ ರೇಡಾರಿನ ದೊಡ್ಡ ತಟ್ಟೆ ಕೂರಿಸಿ ಪರೀಕ್ಷೆ ನಡೆಸುತ್ತಿದ್ದರು. ಅದು 1999ರ ಜನವರಿ 11ರಂದು ಅರಕ್ಕೋಣಂ ಬಳಿ ಬಿದ್ದು ಎಂಟು ಮಂದಿ ತೀರಿಕೊಂಡರು. ವಾಯುಸೇನೆಯ ಆವ್ರೋಗಳ ಸ್ಥಾನಕ್ಕೆಂದು 56 ಸಿ-295 ವಿಮಾನಗಳಿಗೆ ಒಪ್ಪಂದವಾದದ್ದು 2021ರಲ್ಲಿ. ಅವುಗಳಲ್ಲಿ ನಲವತ್ತನ್ನು ವಡೋದರಾದಲ್ಲಿ ಟಾಟಾದವರು ಕಟ್ಟಬೇಕೆಂದು ಗೊತ್ತಾಯಿತು. ಸುಬ್ರತೋ ಹಾರಿ ಅರವತ್ತು ವರ್ಷದ ಮೇಲೆ.

ಎಂಜಿನ್ನಿನ ಮಾತು ಬಂದಾಗ ಮಾರುತವನ್ನು ನೆನೆಯದೆ ಹೋಗುವಂತಿಲ್ಲ. ಅದು ಯುದ್ಧವಿಮಾನವಾದರೂ ಪಾಠ ಒಂದೇ. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಡಾ. ಘಾಟಗೆಯವರ ಬಳಗದೊಡನೆ ಕೂಡಿ ಹೊಸೆದ ಎಚ್.ಎಫ್.-24 ವಿಮಾನವನ್ನು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು 1961ರ ಜೂನ್ 17ರಂದು ಹಾರಿಸಿದರು. ಶಬ್ದದ ವೇಗದ ಇಮ್ಮಡಿ ಓಡಲೆಂದು ಕೊರೆದ ಒಡಲು ಅದು. ಅದಕ್ಕೆಂದು ಗೊತ್ತುಮಾಡಿಕೊಂಡಿದ್ದ ಬ್ರಿಸ್ಟಲ್ ಕಂಪನಿಯ ಬಲವಾದ ಆರ್ಫಿಯಸ್ ಎಂಜಿನ್ನನ್ನು ಇಂಗ್ಲೆಂಡು ಕೈಬಿಟ್ಟಿತು. ಬೆಳವಣಿಗೆಯ ಖರ್ಚು ನೀವು ಕೊಟ್ಟರೆ ಮುಂದುವರಿಸುತ್ತೇವೆ ಎಂದರು, ನಮ್ಮವರು ಒಪ್ಪಲಿಲ್ಲ. ಕೊನೆಗೆ ಸಣ್ಣ ಆರ್ಫಿಯಸ್‌ಗಳೇ ಎರಡು ಗತಿಯಾದವು. ಮಾರುತ ಶಬ್ದದ ವೇಗವನ್ನು ಮುಟ್ಟಲು ಏದುಸಿರು ಬಿಡಬೇಕಾಯಿತು. ಈಜಿಪ್ಟಿನ ಎಂಜಿನ್ನನ್ನು ಅಲ್ಲಿಗೇ ಒಯ್ದ ಒಂದು ಮಾರುತಕ್ಕೆ ತೊಡಿಸಿ 1967ರಲ್ಲಿ ಹಾರಿಸಿ ನೋಡಿದರು, ಅದೂ ಮುಂದುವರಿಯಲಿಲ್ಲ. ಬೆಂಗಳೂರಿನಲ್ಲೇ ಆರ್ಫಿಯಸ್ಸಿನ ಬಾಲಕ್ಕೆ ಇನ್ನಷ್ಟು ಎಣ್ಣೆ ಸುಟ್ಟು ಬಲ ತರುವ ಪ್ರಯೋಗ ನಡೆಯಿತು. ಆ ಎಂಜಿನ್ನಿನ ಮಾರುತವನ್ನು ಹಾರಿಸುತ್ತಿದ್ದಾಗಲೇ 1970ರ ಜನವರಿ 10ರಂದು ಸುರಂಜನ್ ದಾಸ್ ಪ್ರಾಣ ಬಿಟ್ಟರು. ಹಳೆಯ ಮದ್ರಾಸು ರಸ್ತೆಯನ್ನೂ ವಿಮಾನ ನಿಲ್ದಾಣದ ರಸ್ತೆಯನ್ನೂ ಕೂಡಿಸುವ ದಾರಿಗೆ ಅವರ ಹೆಸರಿದೆ. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿನ ವಾಹನಸಂದಣಿಯಲ್ಲಿ ಸಿಕ್ಕಿ ಶಪಿಸುವ ನಮ್ಮಲ್ಲಿ ಎಷ್ಟು ಮಂದಿಗೆ ಆ ಹೆಸರು ಯಾರದೆಂದು ಗೊತ್ತು? 147 ಮಾರುತಗಳು ತಯಾರಾದವು, 1971ರ ಯುದ್ಧದಲ್ಲಿ ಮರುಭೂಮಿಯ ಮೇಲೆ ಚೆನ್ನಾಗಿಯೇ ಕಾದಿದವು. ತಕ್ಕ ಎಂಜಿನ್ನು ಮಾತ್ರ ಅದಕ್ಕೆ ಕೊನೆಯವರೆಗೂ ದಕ್ಕಲಿಲ್ಲ.

ಆ ಮೇಲೆ ಬೆಂಗಳೂರಿನ ಜಿ.ಟಿ.ಆರ್.ಇ. ಸಂಸ್ಥೆ ನಮ್ಮದೇ ಎಂಜಿನ್ನು ಮಾಡಬೇಕೆಂದು ಹೊರಟು, 1989ರಲ್ಲಿ ಕಾವೇರಿ ಯೋಜನೆಗೆ ಮಂಜೂರಾತಿ ಪಡೆಯಿತು. 2008ರಲ್ಲಿ ಅದನ್ನು ತೇಜಸ್ ವಿಮಾನದಿಂದ ಬೇರ್ಪಡಿಸಿದರು. ತೇಜಸ್ ಅಮೆರಿಕದ ಎಂಜಿನ್ನಿನಲ್ಲೇ ಹಾರುತ್ತಿದೆ. ಈ ಕಥೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ನಾಗರಿಕ ವಿಮಾನದ ಪೈಕಿ ಬೆಂಗಳೂರಿನ ಸ್ವಂತ ಕೂಸೆಂದರೆ ಸರಸ್. ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯವರು ರಷ್ಯಾದ ಮ್ಯಾಸಿಶ್ಚೇವ್ ಸಂಸ್ಥೆಯೊಡನೆ ಕೂಡಿ ಆರಂಭಿಸಿದ ಯೋಜನೆ ಅದು. ರಷ್ಯನ್ನರು ಹಣವಿಲ್ಲದೆ ಹಿಂದೆ ಸರಿದರು. 1998ರ ಪೋಖ್ರಾನ್ ಪರೀಕ್ಷೆಯ ಮೇಲೆ ಹೊರದೇಶಗಳ ನಿರ್ಬಂಧಗಳು ಬಂದವು. ಇಷ್ಟಾದರೂ 2004ರ ಮೇ 29ರಂದು ಸರಸ್ ಹಾರಿತು. ಪಂಖಗಳು ಹಿಂದಕ್ಕೆ ಮುಖ ಮಾಡಿ ತಳ್ಳುವ, ನೋಡಲು ಅಪರೂಪದ ವಿಮಾನ. ಅಂದಾಜಿಗಿಂತ ತೂಕ ಬಹಳ ಹೆಚ್ಚಾಗಿತ್ತು. ಮೊದಲನೆಯದಕ್ಕೆ ಹಾಕಿದ್ದ 850 ಅಶ್ವಶಕ್ತಿಯ ಎಂಜಿನ್ನುಗಳು ಸಾಲದಾದವು. 2007ರಲ್ಲಿ ಹಾರಿದ ಎರಡನೆಯದಕ್ಕೆ 1,200 ಅಶ್ವಶಕ್ತಿಯವನ್ನು ಹಾಕಿದರು.

2009ರ ಮಾರ್ಚ್ 6ರಂದು ಆ ಎರಡನೆಯ ಸರಸ್ ಒಂದು ಎಂಜಿನ್ನನ್ನು ಆಕಾಶದಲ್ಲೇ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆಗೆ ಏರಿತ್ತು. ಬಿಡದಿಯ ಬಳಿ ಬಿದ್ದು, ವಾಯುಸೇನೆಯ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ತೀರಿಕೊಂಡರು. ಯೋಜನೆಗೆ ಬಡಿದ ಗ್ರಹಣ ಬೇಗ ಬಿಡಲಿಲ್ಲ. 2013ರ ಸುಮಾರಿಗೆ ಹಣವೂ ನಿಂತಿತು. ಮೊದಲನೆಯ ಸರಸ್ ಶೆಡ್ಡಿನಲ್ಲಿ ಸುಮ್ಮನೆ ಕುಳಿತಿತ್ತು.

ನಮ್ಮ ವಿಷಯಕ್ಕೆ ನೇರವಾಗಿ ಸೇರುವ ಸಂಗತಿ ಇಲ್ಲಿಂದ ಮುಂದಿನದು. ಹಾಗೆ ಕುಳಿತಿದ್ದ 2004ರ ಒಡಲಿಗೇ 1,200 ಅಶ್ವಶಕ್ತಿಯ ಎಂಜಿನ್ನುಗಳನ್ನೂ 104 ಅಂಗುಲ ವ್ಯಾಸದ ಪಂಖಗಳನ್ನೂ ತೊಡಿಸಿ, ನಿಯಂತ್ರಣದ ಏರ್ಪಾಡನ್ನು ತಿದ್ದಿ, 2018ರ ಜನವರಿ 24ರಂದು ಮತ್ತೆ ಹಾರಿಸಿದರು. ಸುಮಾರು ನಲವತ್ತು ನಿಮಿಷ, 8,500 ಅಡಿ ಎತ್ತರ. ಒಂದು ಎಂಜಿನ್ನು ನಿಂತರೂ ಇನ್ನೊಂದರಿಂದಲೇ ಮೇಲೇರುವ ಶಕ್ತಿ ಬೇಕೆಂಬ ನಿಯಮವನ್ನು ಮುಟ್ಟುವುದೇ ಈ ಬದಲಾವಣೆಯ ಉದ್ದೇಶ. ಬಿಡದಿಯಲ್ಲಿ ಮೂವರು ತೀರಿಹೋದ ಮೇಲೆ ಅದೇ ವಂಶದ ವಿಮಾನದಲ್ಲಿ ಮತ್ತೆ ಕುಳಿತು ಏರಿದವರ ಎದೆಗಾರಿಕೆಯನ್ನು ಯಾವ ಶಬ್ದದಲ್ಲಿ ಹೇಳಬೇಕೋ ತೋಚದು. ಸರಸ್ ಮಾರ್ಕ್-2 ಎಂಬ ಹತ್ತೊಂಬತ್ತು ಆಸನದ ಮಾದರಿಗೆ ಇದೇ ಬುನಾದಿಯಾಯಿತು. ಹಳೆಯದಕ್ಕೆ ಹೊಸ ಎಂಜಿನ್ನು ತೊಡಿಸುವ ಕೆಲಸ ಬರಿಯ ಉಳಿತಾಯದ ಉಪಾಯವಲ್ಲ, ಕಲಿಕೆಯ ಶಾಲೆಯೂ ಹೌದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಕಾಣುವುದಿಲ್ಲ. ಒಡಲೂ ನಮ್ಮದೇ ಆಗಿದ್ದುದರಿಂದ ತಿದ್ದಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಿರಲಿಲ್ಲ.

ಈಗ ಸೂಪರ್‌ಜೆಟ್ಟಿನತ್ತ ಹೊರಳೋಣ. 2011ರಲ್ಲಿ ಪ್ರಯಾಣಿಕರ ಸೇವೆಗೆ ಇಳಿದಾಗ ಅದರ ಎಂಜಿನ್ನು ಫ್ರಾನ್ಸಿನವರೂ ರಷ್ಯನ್ನರೂ ಪಾಲುದಾರರಾಗಿ ಮಾಡಿದ್ದು. ಒಳಗಿನ ಸಲಕರಣೆಗಳಲ್ಲಿ ಬಹುಭಾಗ ಪಶ್ಚಿಮ ಯುರೋಪು ಅಮೆರಿಕಗಳದ್ದು. ಎರಡೂ ಕಡೆಯ ನಡುವೆ ಸ್ನೇಹವಿದ್ದಾಗ ಅದು ಜಾಣತನ. ಮೆಕ್ಸಿಕೋ ದೇಶದವರೂ ಯುರೋಪಿನ ಕೆಲವರೂ ಕೊಂಡರು. ಎಂಜಿನ್ನಿನ ಬಿಡಿಭಾಗ ಸಮಯಕ್ಕೆ ಸಿಗದೆ ವಿಮಾನಗಳು ನೆಲದಲ್ಲೇ ನಿಲ್ಲುತ್ತವೆಂಬ ದೂರು ಬಲವಾಯಿತು. 2012ರ ಮೇ 9ರಂದು ಇಂಡೋನೇಷ್ಯಾದಲ್ಲಿ ಗಿರಾಕಿಗಳಿಗೆ ತೋರಿಸಲು ಹಾರಿಸಿದ ವಿಮಾನ ಬೆಟ್ಟಕ್ಕೆ ಬಡಿದು 45 ಮಂದಿ, 2019ರ ಮೇ 5ರಂದು ಮಾಸ್ಕೋದಲ್ಲಿ ಇಳಿಯುವಾಗ ಬೆಂಕಿ ಹತ್ತಿ 41 ಮಂದಿ ಸತ್ತರು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಹತ್ತಿಕೊಂಡ ಕೂಡಲೇ ಫ್ರಾನ್ಸಿನ ಕಡೆಯಿಂದ ಬಿಡಿಭಾಗವೂ ಇಲ್ಲ, ದುರಸ್ತಿಯೂ ಇಲ್ಲ ಎಂದಾಯಿತು. ಹೊಸ ಎಂಜಿನ್ನು ಅಲ್ಲಿ ಉಳಿತಾಯದ ಮಾತಾಗಿ ಉಳಿಯದೆ ಉಳಿಯುವ ಮಾತೇ ಆಯಿತು. ಪಿಡಿ-8 ತೊಡಿಸಿದ ಎಸ್‌ಜೆ-100 ಮೊದಲು ಹಾರಿದ್ದು 2025ರ ಮಾರ್ಚ್ 17ರಂದು. ಅಕ್ಟೋಬರಿನಲ್ಲಿ ನಮ್ಮವರು ಮಾಸ್ಕೋದಲ್ಲಿ ಸಹಿ ಹಾಕಿದ ದಿನ ಆ ಎಂಜಿನ್ನಿಗೆ ಪ್ರಮಾಣಪತ್ರ ಇನ್ನೂ ಸಿಕ್ಕಿರಲಿಲ್ಲ.

ಇಂಥ ವಿಮಾನ ನಮಗೆ ಬೇಕೇ ಎಂದು ಕೇಳಿದರೆ, ಬೇಕು. ಎಚ್.ಎ.ಎಲ್.ನವರ ಅಂದಾಜಿನಂತೆ ಮುಂದಿನ ಹತ್ತು ವರ್ಷಗಳಲ್ಲಿ ದೇಶದ ಸಣ್ಣ ಊರುಗಳ ಮಾರ್ಗಗಳಿಗೆ ಈ ಗಾತ್ರದ ಇನ್ನೂರಕ್ಕೂ ಹೆಚ್ಚು ಜೆಟ್‌ಗಳು ಬೇಕಾಗುತ್ತವೆ, ಹಿಂದೂ ಮಹಾಸಾಗರದ ಸುತ್ತಲ ಪ್ರವಾಸದ ಊರುಗಳಿಗೆ ಇನ್ನು 350. ಅಂದಾಜುಗಳು ಸ್ವಲ್ಪ ಉದಾರವಾಗಿರುವುದು ವಾಡಿಕೆ. ಆದರೂ 2019ರ ನವೆಂಬರ್ 6ರಂದು ನಮ್ಮ ಪಕ್ಕದ ಗಾಜಿಯಾಬಾದಿನ ಹಿಂಡನ್ ನಿಲ್ದಾಣಕ್ಕೂ ಹುಬ್ಬಳ್ಳಿಗೂ ನೇರ ವಿಮಾನ ಶುರುವಾದಾಗ ಎರಡು ರಾತ್ರಿಯ ರೈಲು ಪ್ರಯಾಣವೇ ಹಣೆಬರಹವೆಂದುಕೊಂಡಿದ್ದ ಧಾರವಾಡ, ಗದಗದ ಕಡೆಯ ಮನೆಗಳಲ್ಲಿ ಎಂಥ ಸಂಭ್ರಮವಿತ್ತೆಂಬುದನ್ನು ನಾವು ಬಲ್ಲೆವು. 2020ರ ನವೆಂಬರಿನಲ್ಲಿ ಅದೇ ಸ್ಟಾರ್ ಏರ್ ಕಂಪನಿ ಹಿಂಡನ್ನಿಗೂ ಕಲಬುರಗಿಗೂ ಹಾರಿತು. ಅವರು ತಂದದ್ದು ಬ್ರೆಜಿಲಿನ ಎಂಬ್ರೇರ್-145, ಐವತ್ತು ಆಸನದ ಜೆಟ್. ಆ ಕಂಪನಿಯವರು ತಮ್ಮ ಬ್ರಸೀಲಿಯಾ ಎಂಬ ಪಂಖದ ವಿಮಾನದ ಒಡಲನ್ನೇ ಹಿಗ್ಗಿಸಿ, ಜೆಟ್ ಎಂಜಿನ್ನು ಕೂರಿಸಿ 1995ರಲ್ಲಿ ಅದನ್ನು ಹಾರಿಸಿದ್ದರು. ತಮ್ಮ ಒಡಲು, ತಾವೇ ಆರಿಸಿಕೊಂಡ ಎಂಜಿನ್ನು. ಅಲ್ಲಿಂದ ಮುಂದೆ ಅವರು ಏರಿದ ಎತ್ತರ ನಮ್ಮ ಕಣ್ಣ ಮುಂದಿದೆ. 1969ರಲ್ಲಿ ಹುಟ್ಟಿದ ಕಂಪನಿ ಅದು, ನಮ್ಮ ಎಚ್.ಎ.ಎಲ್.ಗಿಂತ ಇಪ್ಪತ್ತೊಂಬತ್ತು ವರ್ಷ ಕಿರಿಯದು.

ಚೀನಾದವರು ಮಾಡಿದ್ದನ್ನೂ ಒಂದು ಮಾತಿನಲ್ಲಿ ಹೇಳಬೇಕು. ಅಮೆರಿಕದ ಮ್ಯಾಕ್‌ಡೊನೆಲ್ ಡಗ್ಲಸ್ ವಿಮಾನಗಳನ್ನು ಶಾಂಘೈನಲ್ಲಿ ಜೋಡಿಸುತ್ತಿದ್ದಾಗ ಉಳಿದ ಅಚ್ಚುಗಳ ನೆರವಿನಿಂದ, ಹೊಸ ಎಂಜಿನ್ನು ಹಾಕಿ ಅವರು ಎ.ಆರ್.ಜೆ.-21 ಎಂಬ ಪ್ರಾದೇಶಿಕ ಜೆಟ್ ಮಾಡಿದರು. 2008ರಲ್ಲಿ ಹಾರಿದ್ದು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2016ರಲ್ಲಿ. ಅಷ್ಟು ವರ್ಷ ತಿಂದದ್ದು ಹಾರುವ ಕೆಲಸಕ್ಕಿಂತ ಪ್ರಮಾಣಪತ್ರದ ಕೆಲಸ. ಹಳೆಯ ಒಡಲೆಂಬ ಕಾರಣಕ್ಕೆ ಪರೀಕ್ಷಕರು ರಿಯಾಯಿತಿ ಕೊಡುವುದಿಲ್ಲ.

ನಮ್ಮಲ್ಲಿ ಈ ಎಸ್‌ಜೆ-100 ಯಾವ ಊರಿನಲ್ಲಿ ಕಟ್ಟಲ್ಪಡುವುದೋ, ಎಷ್ಟು ಭಾಗ ಇಲ್ಲಿ ತಯಾರಾಗುವುದೋ, ಅವೆಲ್ಲ ಮುಂದಿನ ಒಪ್ಪಂದಗಳ ವಿಷಯ. ಆ ಕಾಗದಗಳು ಹೊರಬಂದ ದಿನ ಆಸನ ಎಷ್ಟು, ಬೆಲೆ ಎಷ್ಟು ಎಂದು ಎಲ್ಲರೂ ಓದುತ್ತಾರೆ. ನಾವು ಮೊದಲು ಹುಡುಕುವುದು ಎಂಜಿನ್ನಿನ ಕಲಮನ್ನು: ಪಿಡಿ-8ರ ದುರಸ್ತಿ ಬೆಂಗಳೂರಿನಲ್ಲಿ ಆಗುವುದೋ ಅಥವಾ ಪ್ರತಿ ಸಲವೂ ಅದನ್ನು ರಿಬಿನ್ಸ್ಕ್ ಊರಿಗೆ ಹೊತ್ತೊಯ್ಯಬೇಕೋ, ಮತ್ತು ಹತ್ತು ವರ್ಷದ ಮೇಲೆ ಇದಕ್ಕಿಂತ ಒಳ್ಳೆಯ ಎಂಜಿನ್ನು ಬಂದರೆ ಈ ಒಡಲಿಗೆ ಅದನ್ನು ತೊಡಿಸುವ ಹಕ್ಕು ನಮ್ಮ ಎಂಜಿನಿಯರುಗಳಿಗೆ ಇರುವುದೋ ಇಲ್ಲವೋ. ಆವ್ರೋದ ಕಾಲದಲ್ಲಿ ಮೊದಲನೆಯದು ನಮಗಿತ್ತು, ಎರಡನೆಯದು ಇರಲಿಲ್ಲ.